ದುಃಖಕ್ಕೆ ಮೈನರ್ ಬೇಕೇ? ಒಂದು ಕಂಟ್ರಿ ಗೀತೆಯ ಲಯ, ಶ್ರುತಿ ಮತ್ತು ಭಾವವನ್ನು ಕುರಿತು

ದೈವಾರ್ಚನೆಯ ಸಂಗೀತವನ್ನು ಕುರಿತ ನಮ್ಮ ತರಗತಿಯೊಂದರಲ್ಲಿ ಸಣ್ಣದೊಂದು ಪರೀಕ್ಷೆ ನಡೆಸಿದೆವು. ಒಂದು ಅಮೆರಿಕನ್ ಹಾಡಿನ ಕಾರ್ಡ್‌ಗಳನ್ನು ಮಾತ್ರ, ಪದಗಳಿಲ್ಲದೆ, ಮೂಲಕ್ಕಿಂತ ತುಸು ಚುರುಕಾಗಿ ಗಿಟಾರಿನಲ್ಲಿ ನುಡಿಸಿ, ಇದು ಯಾವ ಸಂದರ್ಭಕ್ಕೆ ತಕ್ಕ ಹಾಡೆಂದು ಗುರುವಿದ್ಯಾರ್ಥಿಗಳನ್ನು ಕೇಳಿದೆವು. ಮದುವೆಗೆ ಎಂದರು ಕೆಲವರು. ಕಾಣಿಕೆಯ ಮೆರವಣಿಗೆಗೆ ಎಂದರು ಇನ್ನು ಕೆಲವರು. ಕ್ರಿಸ್ತಜಯಂತಿಯ ಹಾಡಿರಬೇಕೆಂದು ಒಬ್ಬರು ಊಹಿಸಿದರು. ಅನಂತರ ಮೂಲ ಧ್ವನಿಮುದ್ರಿಕೆಯನ್ನು ಕೇಳಿಸಿದೆವು. ಹಾಡು ಮುಗಿದ ಮೇಲೆ ಕೆಲಹೊತ್ತು ಯಾರೂ ಮಾತನಾಡಲಿಲ್ಲ. ಕಾರ್ಡ್‌ಗಳು ಅವೇ, ಸ್ವರಗಳು ಅವೇ. ಆದರೆ ಕೇಳಿಸಿದ್ದು ಮದುವೆಯ ಹಾಡಲ್ಲ. ನಿದ್ದೆ ಬಾರದ ಒಬ್ಬ ಮನುಷ್ಯನ ರಾತ್ರಿ.

ಆ ಹಾಡು ಹ್ಯಾಂಕ್ ವಿಲಿಯಮ್ಸ್ ಅವರ 'ಐಯಾಮ್ ಸೋ ಲೋನ್ಸಮ್ ಐ ಕುಡ್ ಕ್ರೈ'. 1949ರ ಆಗಸ್ಟ್ 30ರಂದು ಸಿನ್ಸಿನಾಟಿ ನಗರದಲ್ಲಿ ಮುದ್ರಣಗೊಂಡ ಈ ಗೀತೆಯನ್ನು ನಾವು ಇಲ್ಲಿ ವಿಮರ್ಶೆಗೆ ಎತ್ತಿಕೊಳ್ಳುತ್ತಿರುವುದು ಅದನ್ನು ಬಲಿಪೂಜೆಯಲ್ಲಿ ಹಾಡಬೇಕೆಂದಲ್ಲ. ನಮ್ಮ ಗಾನವೃಂದಗಳಲ್ಲಿ ಯಾರೂ ಪ್ರಶ್ನಿಸದೆ ನಡೆದುಬಂದಿರುವ ಒಂದು ಸೂತ್ರವಿದೆ: ದುಃಖಕ್ಕೆ ಮೈನರ್, ಸಂತೋಷಕ್ಕೆ ಮೇಜರ್, ತಪಸ್ಸುಕಾಲಕ್ಕೆ ನಿಧಾನ, ಪಾಸ್ಖಕ್ಕೆ ವೇಗ. ಈ ಸೂತ್ರ ಎಷ್ಟರಮಟ್ಟಿಗೆ ನಿಜ, ಅದನ್ನು ನಂಬಿ ನಡೆದರೆ ಕಳೆದುಕೊಳ್ಳುವುದೇನು ಎಂಬುದನ್ನು ಈ ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಹಾಡು ಸ್ಪಷ್ಟವಾಗಿ ತೋರಿಸಬಲ್ಲದು ಎಂಬುದಷ್ಟೇ ಕಾರಣ.

ಹಾಡಿನ ರಚನೆ

ವಿಲಿಯಮ್ಸ್ 1923ರಲ್ಲಿ ಅಲಬಾಮ ರಾಜ್ಯದ ಮೌಂಟ್ ಆಲಿವ್‌ನಲ್ಲಿ ಹುಟ್ಟಿದವರು. ತಾಯಿ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದರು. ಬೀದಿಯಲ್ಲಿ ಹಾಡುತ್ತಿದ್ದ ಕಪ್ಪುವರ್ಣೀಯ ಸಂಗೀತಗಾರ ರೂಫಸ್ ಪೇನ್ ಅವರಿಂದ ಬಾಲಕ ಹ್ಯಾಂಕ್ ಗಿಟಾರ್ ಕಲಿತರು. ಆರಾಧನೆಯ ಗೀತೆ ಒಂದು ಕಿವಿಯಲ್ಲಿ, ಬ್ಲೂಸ್ ಇನ್ನೊಂದು ಕಿವಿಯಲ್ಲಿ ಎಂಬಂತೆ ಬೆಳೆದ ಗಾಯಕ ಅವರು. ಹುಟ್ಟಿನಿಂದಲೇ ಬೆನ್ನುಮೂಳೆಯ ನ್ಯೂನತೆಯಿತ್ತು. ನೋವು, ಮದ್ಯ, ಮುರಿದ ದಾಂಪತ್ಯ ಇವುಗಳ ನಡುವೆ ಬದುಕು ಸವೆಯಿತು. 1953ರ ಜನವರಿ 1ರಂದು, ಕಾರ್ಯಕ್ರಮಕ್ಕೆಂದು ಹೊರಟ ಕಾರಿನ ಹಿಂದಿನ ಆಸನದಲ್ಲೇ ಅವರು ಕೊನೆಯುಸಿರೆಳೆದಾಗ ವಯಸ್ಸು 29.

ಹಾಡಿನ ಶ್ರುತಿ ಇ ಮೇಜರ್. ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕು. 'ಇ' ಎಂಬುದು ಆಧಾರ ಷಡ್ಜದ ಸ್ಥಾನ. ಅದು ಗಾಯಕನ ಕಂಠಕ್ಕೂ ವಾದ್ಯಕ್ಕೂ ಸಂಬಂಧಿಸಿದ್ದು. ಗಿಟಾರಿನ ಅತ್ಯಂತ ಕೆಳಗಿನ ಸ್ವರದ ತಂತಿಯೂ ಅತ್ಯಂತ ಮೇಲಿನ ಸ್ವರದ ತಂತಿಯೂ 'ಇ' ಆಗಿರುವುದರಿಂದ, ಈ ಶ್ರುತಿಯಲ್ಲಿ ಷಡ್ಜವು ಬೆರಳೊತ್ತದ ತಂತಿಗಳಲ್ಲಿ ತಾನಾಗಿ ಮೊಳಗುತ್ತಿರುತ್ತದೆ. 'ಮೇಜರ್' ಎಂಬುದು ಸ್ವರಶ್ರೇಣಿ. ನಮ್ಮ ಶಂಕರಾಭರಣದ, ಹಿಂದೂಸ್ತಾನಿಯ ಬಿಲಾವಲ್ ಥಾಟಿನ ಸ್ವರಗಳೇ ಅವು. ಮೇಜರ್‌ಗೂ ಮೈನರ್‌ಗೂ ಕಿವಿಗೆ ಮೊದಲು ಹೊಳೆಯುವ ವ್ಯತ್ಯಾಸ ಗಾಂಧಾರದಲ್ಲಿದೆ: ಮೇಜರ್‌ನಲ್ಲಿ ಅಂತರ ಗಾಂಧಾರ, ಮೈನರ್‌ನಲ್ಲಿ ಸಾಧಾರಣ ಗಾಂಧಾರ. ಜನಪ್ರಿಯ ಸೂತ್ರದ ಪ್ರಕಾರ ಇಂಥ ಹಾಡು ಸಾಧಾರಣ ಗಾಂಧಾರವನ್ನು ಹಿಡಿಯಬೇಕಿತ್ತು. ಹಿಡಿದಿಲ್ಲ.

ಸ್ವರಸಂಯೋಜನೆಯೂ ಅತ್ಯಂತ ಸರಳ. ಚರಣದ ಮೊದಲರ್ಧವೆಲ್ಲ ಷಡ್ಜದ ಕಾರ್ಡಿನಲ್ಲೇ ನಿಂತಿರುತ್ತದೆ. ಆಮೇಲೆ ಮಧ್ಯಮದ ಕಾರ್ಡಿಗೆ ಹೋಗಿ ಹಿಂದಿರುಗುತ್ತದೆ. ಕೊನೆಯಲ್ಲಿ ಪಂಚಮದ ಕಾರ್ಡನ್ನು ಮುಟ್ಟಿ ಮತ್ತೆ ಷಡ್ಜಕ್ಕೆ ಬಂದು ಸೇರುತ್ತದೆ. ಹಳ್ಳಿಯ ದೇವಾಲಯದಲ್ಲಿ ಗಿಟಾರ್ ಕಲಿಯುತ್ತಿರುವ ಹುಡುಗ ಮೊದಲ ತಿಂಗಳಲ್ಲೇ ನುಡಿಸಬಲ್ಲ ಕಾರ್ಡ್‌ಗಳಿವು. ಮಧ್ಯಮಕ್ಕೆ ಹೊರಳುವ ಮುನ್ನ ಷಡ್ಜದ ಕಾರ್ಡಿಗೆ ಕೋಮಲ ನಿಷಾದವೊಂದನ್ನು ಸೇರಿಸುವುದು ವಾಡಿಕೆ. ಶ್ರೇಣಿಯ ಹೊರಗಿನಿಂದ ಕಾರ್ಡ್‌ಗಳೊಳಗೆ ಬರುವ ಸ್ವರ ಅದೊಂದೇ. ಮನೆಯೊಳಗೇ ಕುಳಿತವನು ಒಮ್ಮೆ ಬಾಗಿಲವರೆಗೆ ಹೋಗಿ ಹೊರಗೆ ನೋಡಿ ಹಿಂದಿರುಗಿದಂತೆ ಅದರ ಚಲನೆ.

ಹಾಗಾದರೆ ದುಃಖ ಎಲ್ಲಿಂದ ಬಂತು? ಮೊದಲನೆಯದಾಗಿ, ಲಯದಿಂದ. ಹಾಡು ಮೂರು ಮಾತ್ರೆಗಳ ವಾಲ್ಟ್ಸ್ ನಡೆಯಲ್ಲಿದೆ: ಮೊದಲ ಮಾತ್ರೆಗೆ ಮಂದ್ರದ ಸ್ವರ, ಮುಂದಿನ ಎರಡಕ್ಕೆ ತಂತಿಗಳ ಮೀಟು. ನಡೆ ನಿಧಾನ, ಆದರೆ ಎಳೆದಾಡುವಷ್ಟು ನಿಧಾನವಲ್ಲ. ಎರಡನೆಯ ಚರಣದ ಪದಗಳು ಮುಗಿಯದ ರಾತ್ರಿಯನ್ನೂ ತೆವಳುವ ಕಾಲವನ್ನೂ ಕುರಿತು ಹೇಳುತ್ತಿರುವಾಗಲೂ ಗಿಟಾರ್ ತನ್ನ ಹೆಜ್ಜೆಯನ್ನು ತಗ್ಗಿಸುವುದಿಲ್ಲ. ಮನಸ್ಸಿನ ಕಾಲ ನಿಂತುಹೋಗಿದೆ, ಗಡಿಯಾರದ ಕಾಲ ನಡೆಯುತ್ತಲೇ ಇದೆ. ಈ ಎರಡರ ನಡುವಣ ಅಂತರವೇ ಒಂಟಿತನದ ಅನುಭವ. ಅಲ್ಲದೆ, ವಾಲ್ಟ್ಸ್ ಇಬ್ಬರು ಕೈಹಿಡಿದು ಆಡುವ ನೃತ್ಯದ ನಡೆ. ಅದನ್ನು ಇಲ್ಲಿ ಒಬ್ಬನೇ ಹಾಡುತ್ತಿದ್ದಾನೆ. ಇಲ್ಲದ ಇನ್ನೊಬ್ಬರ ಜಾಗವನ್ನು ತಾಳವೇ ತೆರವಾಗಿ ಇಟ್ಟುಕೊಂಡಿದೆ.

ಎರಡನೆಯದಾಗಿ, ರೂಪದಿಂದ. ಹಾಡಿನಲ್ಲಿ ನಾಲ್ಕು ಚರಣಗಳಿವೆ, ಪಲ್ಲವಿಯಿಲ್ಲ. ಎಲ್ಲರೂ ದನಿಗೂಡಿಸಬಹುದಾದ, ಭಾರವನ್ನು ಹಂಚಿಕೊಳ್ಳಬಹುದಾದ ತಾಣ ಯಾವುದೂ ಇಲ್ಲ. ಎರಡನೆಯದನ್ನು ಬಿಟ್ಟರೆ ಉಳಿದ ಚರಣಗಳೆಲ್ಲ ಒಂದೇ ಮಾತಿಗೆ ಬಂದು ನಿಲ್ಲುತ್ತವೆ. ಆದರೆ ಆ ಮಾತು ಸಮುದಾಯದ ಪಲ್ಲವಿಯಾಗದೆ, ಒಬ್ಬನು ತನಗೆ ತಾನೇ ಹೇಳಿಕೊಳ್ಳುವ ಮಾತಾಗಿ ಉಳಿಯುತ್ತದೆ. ಮೂರನೆಯದಾಗಿ, ಕಂಠದಿಂದ. ವಿಲಿಯಮ್ಸ್ ಅವರ ದನಿ ಮೇಲಿನ ಸ್ವರಗಳಲ್ಲಿ ಒಡೆಯುತ್ತದೆ; ಜೆರಿ ಬರ್ಡ್ ಅವರ ಸ್ಟೀಲ್ ಗಿಟಾರ್ ಸ್ವರದಿಂದ ಸ್ವರಕ್ಕೆ ಜಾರುತ್ತಾ ಅದಕ್ಕೆ ಉತ್ತರಿಸುತ್ತದೆ. ಗಮಕವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ರಾಗದ ಭಾವ ಬರಿಯ ಆರೋಹಣ ಅವರೋಹಣಗಳಲ್ಲಿ ಇರುವುದಿಲ್ಲ, ಸ್ವರವನ್ನು ಹೇಗೆ ಮುಟ್ಟುತ್ತೇವೆ ಎಂಬುದರಲ್ಲಿದೆ ಎಂದು ನಮ್ಮ ಸಂಗೀತ ಹೇಳುತ್ತಲೇ ಬಂದಿದೆ.

ಪದಗಳ ವಿಷಯದಲ್ಲೂ ಒಂದು ಮಾತು. ರಾತ್ರಿಯ ಹಕ್ಕಿ, ದೂರದ ರೈಲು, ಮೋಡದ ಮರೆಯ ಚಂದ್ರ, ಎಲೆ ಉದುರುವ ಕಾಲದ ಇನ್ನೊಂದು ಹಕ್ಕಿ, ಸದ್ದಿಲ್ಲದೆ ಬೀಳುವ ನಕ್ಷತ್ರ: ಕವಿ ತನ್ನ ಅಳಲನ್ನು ಬಿಡಿಸಿ ಹೇಳದೆ, ಸೃಷ್ಟಿಯೇ ಅಳುವುದನ್ನು ಕೇಳಿಸಿಕೊಳ್ಳುತ್ತಾನೆ. ಸೃಷ್ಟಿಯೆಲ್ಲ ಒಂದಾಗಿ ನರಳುತ್ತಿದೆಯೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯವನ್ನು ಬೋಧಿಸುವವರಿಗೆ ಇದು ಅಪರಿಚಿತ ಲೋಕವಲ್ಲ. ಕೊನೆಯ ಚರಣದಲ್ಲಷ್ಟೇ, ಇಲ್ಲದ ವ್ಯಕ್ತಿಯ ಕಡೆಗೆ ಹಾಡು ಮುಖ ತಿರುಗಿಸುತ್ತದೆ. ಅದುವರೆಗೆ ಯಾರಿಗಾಗಿ ಈ ರಾತ್ರಿ ಎಂಬುದೇ ನಮಗೆ ತಿಳಿದಿರುವುದಿಲ್ಲ.

ಅದೇ ಗಾಯಕನ ಇನ್ನೊಂದು ಹಾಡು

ಈ ಹಾಡನ್ನು ಅದೇ ಗಾಯಕರ 'ಐ ಸಾ ದ ಲೈಟ್' ಎಂಬ ಭಕ್ತಿಗೀತೆಯೊಂದಿಗೆ ಹೋಲಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 1947ರಲ್ಲಿ ಮುದ್ರಿಸಿ 1948ರಲ್ಲಿ ಬಿಡುಗಡೆಯಾದ ಈ ಹಾಡು ಬೆಳಕನ್ನು ಕಂಡವನ ಸಾಕ್ಷ್ಯ. ಇದೂ ಮೇಜರ್ ಶ್ರೇಣಿಯದೇ. ಸ್ವರಶ್ರೇಣಿಯೇ ಭಾವವನ್ನು ನಿರ್ಧರಿಸುವುದಾಗಿದ್ದರೆ ಎರಡೂ ಹಾಡುಗಳು ಒಂದೇ ಭಾವವನ್ನು ಕೊಡಬೇಕಿತ್ತು. ಆದರೆ ಇಲ್ಲಿ ಎರಡೆಣಿಕೆಯ ಚುರುಕು ನಡೆಯಿದೆ, ಮತ್ತೆ ಮತ್ತೆ ಬರುವ ಪಲ್ಲವಿಯಿದೆ, ಎಲ್ಲರೂ ಸೇರಿ ಹಾಡಲು ಆಹ್ವಾನವಿದೆ. ಒಂದೇ ಸ್ವರಲೋಕ ಒಂದು ಕಡೆ ಸಭೆಯಾಗುತ್ತದೆ, ಇನ್ನೊಂದು ಕಡೆ ಒಂಟಿ ಕೋಣೆಯಾಗುತ್ತದೆ.

ಈ ಬೆಳಕಿನ ಹಾಡಿಗೆ ಸಂಬಂಧಿಸಿದ ಎರಡು ಸಂಗತಿಗಳನ್ನು ಜೊತೆಯಾಗಿ ಇಟ್ಟು ನೋಡಬೇಕು. ವಿಲಿಯಮ್ಸ್ ಅವರೊಂದಿಗೆ ವೇದಿಕೆ ಹಂಚಿಕೊಂಡಿದ್ದ ಕಲಾವಿದೆ ಮಿನ್ನಿ ಪರ್ಲ್ ಅವರು ಮುಂದೆ ನೆನಪಿಸಿಕೊಂಡಂತೆ, ಅವರ ಕೊನೆಯ ದಿನಗಳಲ್ಲೊಮ್ಮೆ ಇಬ್ಬರೂ ಕಾರಿನಲ್ಲಿ ಈ ಹಾಡನ್ನು ಹಾಡತೊಡಗಿದಾಗ ವಿಲಿಯಮ್ಸ್ ನಡುವೆ ನಿಲ್ಲಿಸಿ, ತನಗೆ ಬೆಳಕೇ ಕಾಣುತ್ತಿಲ್ಲವೆಂದು ಹೇಳಿದರು. ಎರಡನೆಯದು, 1953ರ ಜನವರಿ 4ರಂದು ಮಾಂಟ್‌ಗಮರಿ ನಗರದಲ್ಲಿ ನಡೆದ ಅವರ ಅಂತಿಮ ಸಂಸ್ಕಾರದಲ್ಲಿ ರಾಯ್ ಅಕಫ್ ಮೊದಲಾದ ಗಾಯಕರು ಹಾಡಿದ್ದು ಇದೇ ಬೆಳಕಿನ ಹಾಡನ್ನು.

ಅವರು ಹಾಡಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಸತ್ತವನು ಹಾಡಲಾರದೆ ನಿಲ್ಲಿಸಿದ ಹಾಡನ್ನು ಅವನ ಪರವಾಗಿ ಉಳಿದವರು ಹಾಡುವುದು ಧರ್ಮಸಭೆಯ ಕೆಲಸವೇ. ಮೃತರಿಗಾಗಿ ನಾವು ಮಾಡುವ ಪ್ರಾರ್ಥನೆಯ ಅರ್ಥವೂ ಅದೇ. ಆದರೆ ಎರಡು ಹಾಡುಗಳನ್ನೂ ಹಾಡಿದವನು ಒಬ್ಬನೇ ಮನುಷ್ಯ. ಬೆಳಕಿನ ಹಾಡನ್ನಷ್ಟೇ ಉಳಿಸಿಕೊಂಡು ಇರುಳಿನ ಹಾಡನ್ನು ಮರೆತರೆ, ಆ ಮನುಷ್ಯನ ಅರ್ಧವನ್ನು ಮಾತ್ರ ದೇವರ ಮುಂದೆ ತಂದಂತಾಗುತ್ತದೆ.

ಧರ್ಮಸಭೆಯ ನೆನಪು

ಮೇಜರ್ ಸಂತೋಷಕ್ಕೆ, ಮೈನರ್ ದುಃಖಕ್ಕೆ ಎಂಬ ಗ್ರಹಿಕೆಗೆ ಪಾಶ್ಚಾತ್ಯ ಸಂಗೀತಶಾಸ್ತ್ರದಲ್ಲಿ ಒಂದು ಇತಿಹಾಸವಿದೆ. 1558ರಲ್ಲಿ ವೆನಿಸ್‌ನಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಫ್ರಾನ್ಸಿಸ್ಕನ್ ಸಭೆಯ ಜೋಸೆಫೊ ಜಾರ್ಲಿನೊ ಅವರು ದೊಡ್ಡ ಗಾಂಧಾರಕ್ಕೆ ಉಲ್ಲಾಸವನ್ನೂ ಸಣ್ಣ ಗಾಂಧಾರಕ್ಕೆ ವಿಷಾದವನ್ನೂ ಹೊಂದಿಸಿದರು. ಮುಂದಿನ ಶತಮಾನಗಳ ಸಂಗೀತ ಆ ಗ್ರಹಿಕೆಯನ್ನು ಗಟ್ಟಿಗೊಳಿಸಿತು. ಅದರಲ್ಲಿ ಸತ್ಯಾಂಶವಿದೆ, ಆದರೆ ಅದು ಧರ್ಮಸಭೆಯ ಮೊದಲ ಭಾಷೆಯಲ್ಲ.

ಗ್ರೆಗೋರಿಯನ್ ಗಾನದ ಎಂಟು ಮೋಡ್‌ಗಳು ಮೇಜರ್ ಮೈನರ್‌ಗಳಿಗೆ ನೇರವಾಗಿ ಸಮನಲ್ಲ, ನಿಜ. ಆದರೂ ಆಧಾರಸ್ವರದ ಮೇಲಿನ ಗಾಂಧಾರ ಯಾವುದೆಂದು ಗಮನಿಸಬಹುದು. ಮೃತರ ಪೂಜೆಯ ಪ್ರವೇಶಗೀತೆಯಾದ 'ರೆಕ್ವಿಯೆಮ್ ಎತೆರ್ನಾಮ್' ಆರನೆಯ ಮೋಡ್‌ನಲ್ಲಿದೆ. ಶವವನ್ನು ಹೊರಗೆ ಒಯ್ಯುವಾಗ ಹಾಡುವ 'ಇನ್ ಪಾರದೀಸುಮ್' ಏಳನೆಯ ಮೋಡ್‌ನಲ್ಲಿದೆ. ಎರಡರಲ್ಲೂ ಇರುವುದು ಅಂತರ ಗಾಂಧಾರ. ಇನ್ನೊಂದೆಡೆ, ಪಾಸ್ಖ ಭಾನುವಾರದ ಪ್ರವೇಶಗೀತೆ 'ರೆಸುರೆಕ್ಸಿ' ನಾಲ್ಕನೆಯ ಮೋಡ್‌ನಲ್ಲಿದೆ. ಅದೇ ದಿನದ 'ವಿಕ್ತಿಮೆ ಪಾಸ್ಖಾಲಿ' ಒಂದನೆಯ ಮೋಡ್‌ನಲ್ಲಿದೆ. ಇವೆರಡರಲ್ಲೂ ಇರುವುದು ಸಾಧಾರಣ ಗಾಂಧಾರ. ನಮ್ಮ ಇಂದಿನ ಸೂತ್ರದ ಪ್ರಕಾರ ಅಳೆದರೆ ಧರ್ಮಸಭೆ ತನ್ನ ಸತ್ತವರನ್ನು 'ಸಂತೋಷದ' ಗಾಂಧಾರದಲ್ಲಿ ಬೀಳ್ಕೊಟ್ಟು, ತನ್ನ ಪುನರುತ್ಥಿತ ಪ್ರಭುವನ್ನು 'ದುಃಖದ' ಗಾಂಧಾರದಲ್ಲಿ ಎದುರುಗೊಂಡಿದೆ. ಸಾವಿನೊಳಗೆ ವಿಶ್ರಾಂತಿಯನ್ನೂ ಪುನರುತ್ಥಾನದೊಳಗೆ ಗಾಯದ ಗುರುತನ್ನೂ ಕಾಣುವ ನಂಬಿಕೆಗೆ ಇದು ವಿರೋಧಾಭಾಸವಾಗಿ ತೋರಲಿಲ್ಲ.

ಸಂತ ಅಗಸ್ಟೀನರ ಅನುಭವವೂ ಇದಕ್ಕೆ ಪೂರಕ. ತಾಯಿ ಮೋನಿಕ ತೀರಿಕೊಂಡಾಗ ಕಣ್ಣೀರನ್ನು ಬಲವಂತವಾಗಿ ತಡೆದುಕೊಂಡದ್ದನ್ನು ಅವರು ತಮ್ಮ 'ಆತ್ಮನಿವೇದನೆ'ಯ ಒಂಬತ್ತನೆಯ ಪುಸ್ತಕದಲ್ಲಿ ಬರೆದಿದ್ದಾರೆ. ಸಮಾಧಿಯ ಬಳಿಯಲ್ಲೂ ಅಳಲಿಲ್ಲ. ಆಮೇಲೆ ಏಕಾಂತದಲ್ಲಿ, ಹಾಸಿಗೆಯಲ್ಲಿ, ಸಂತ ಆಂಬ್ರೋಸರು ರಚಿಸಿದ ಸಂಜೆಯ ಸ್ತೋತ್ರವೊಂದು ನೆನಪಾಯಿತು. ಆ ಬಳಿಕವೇ ಕಟ್ಟೆಯೊಡೆದು ಕಣ್ಣೀರು ಹರಿಯಿತು. ಆ ಸ್ತೋತ್ರ ಶೋಕಗೀತೆಯಲ್ಲ. ಸೃಷ್ಟಿಕರ್ತನನ್ನು ಸ್ತುತಿಸುವ, ರಾತ್ರಿಯ ನಿದ್ದೆಗಾಗಿ ಕೃತಜ್ಞತೆ ಹೇಳುವ ಹಾಡು. ಅಳುವುದಕ್ಕೆ ಅವರಿಗೆ ದಾರಿ ಮಾಡಿಕೊಟ್ಟದ್ದು ದುಃಖದ ರಾಗವಲ್ಲ, ದುಃಖವನ್ನು ಅವಸರಪಡಿಸದ ಒಂದು ಹಾಡು.

ಶುಕ್ರವಾರ ರಾತ್ರಿಯ ಕೀರ್ತನೆ

ಯಾಜಕರೂ ಗುರುವಿದ್ಯಾರ್ಥಿಗಳೂ ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುನ್ನ ಪ್ರಾರ್ಥಿಸುವುದು 88ನೆಯ ಕೀರ್ತನೆಯನ್ನು. ಶೋಕದ ಕೀರ್ತನೆಗಳಲ್ಲಿ ಬಹುತೇಕ ಎಲ್ಲವೂ ಕೊನೆಗೆ ಭರವಸೆಯತ್ತ ಹೊರಳುತ್ತವೆ. 13ನೆಯದು ಹೊರಳುತ್ತದೆ, 22ನೆಯದೂ ಹೊರಳುತ್ತದೆ. 88ನೆಯದು ಹೊರಳುವುದಿಲ್ಲ. ಆಪ್ತರು ದೂರವಾಗಿ, ಕತ್ತಲೆಯೊಂದೇ ಜೊತೆಗುಳಿದಲ್ಲಿ ಅದು ನಿಲ್ಲುತ್ತದೆ. ಅದನ್ನು ನಾವು ಎಷ್ಟೋ ವೇಳೆ ನಿದ್ದೆಗಣ್ಣಿನಲ್ಲಿ, ಹಾಲೆಲೂಯದ ಕೀರ್ತನೆಯನ್ನು ಓದುವ ವೇಗದಲ್ಲೇ ಓದಿ ಮುಗಿಸುತ್ತೇವೆ. ವೇಗವೂ ಒಂದು ವ್ಯಾಖ್ಯಾನವೆಂಬುದನ್ನು ಮರೆಯುತ್ತೇವೆ.

ಈ ಕೀರ್ತನೆಗೂ ವಿಲಿಯಮ್ಸ್ ಅವರ ಹಾಡಿಗೂ ಹೋಲಿಕೆಯಿದೆ: ಎರಡೂ ರಾತ್ರಿಯವು, ಎರಡೂ ಪರಿಹಾರವಿಲ್ಲದೆ ಮುಗಿಯುತ್ತವೆ. ಆದರೆ ವ್ಯತ್ಯಾಸವನ್ನು ಮುಚ್ಚಿಡಬಾರದು. ಕೀರ್ತನೆಗಾರ ಮೂರು ಬಾರಿ ಪ್ರಭುವನ್ನು ಹೆಸರಿಟ್ಟು ಕೂಗುತ್ತಾನೆ. ಕತ್ತಲೆಯಲ್ಲೂ ಅವನ ಮಾತಿಗೆ ಒಂದು ದಿಕ್ಕಿದೆ. ಹಾಡು ಕೇಳುಗನನ್ನು ಕರೆಯುತ್ತದೆ, ಇಲ್ಲದ ಪ್ರಿಯರನ್ನು ನೆನೆಯುತ್ತದೆ, ದೇವರನ್ನು ಕರೆಯುವುದಿಲ್ಲ. ಅದು ಪ್ರಾರ್ಥನೆಯ ಹೊಸ್ತಿಲವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಅದಕ್ಕೆ ಬಲವಂತವಾಗಿ ಜ್ಞಾನಸ್ನಾನ ಕೊಡುವುದು ಪ್ರಾಮಾಣಿಕ ವಿಮರ್ಶೆಯಲ್ಲ. ಈ ಹಾಡಿನ ಮಿತಿಯೆಂದು ನಾವು ಕಾಣುವುದು ಇದನ್ನೇ: ದುಃಖವನ್ನು ಅದು ಸುಂದರವಾಗಿ ಹಿಡಿದಿಡುತ್ತದೆ, ಆದರೆ ಯಾರ ಕೈಗೂ ಒಪ್ಪಿಸುವುದಿಲ್ಲ. ಹಾಗಿದ್ದೂ, ಪ್ರತಿ ಚರಣದ ಕೊನೆಗೂ ಅದು ಬಿಡದೆ ಷಡ್ಜಕ್ಕೆ ಹಿಂದಿರುಗುತ್ತದೆ. ಅಂತರ ಗಾಂಧಾರವನ್ನು ಬಿಟ್ಟುಕೊಡುವುದಿಲ್ಲ. ಇಷ್ಟು ದುಃಖದಲ್ಲೂ ನೆಲ ಕುಸಿದಿಲ್ಲ ಎಂದು ಸಂಗೀತ ಹೇಳುತ್ತಿದೆ. ಪದಗಳು ಹೇಳಲಾಗದ್ದನ್ನು ಸ್ವರಗಳು ಹೇಳುತ್ತಿರಬಹುದೇ ಎಂದು ಕೇಳುವ ಹಕ್ಕು ದೈವಶಾಸ್ತ್ರಕ್ಕಿದೆ. ಹೌದೆಂದು ಘೋಷಿಸುವ ಹಕ್ಕು ಇಲ್ಲ.

ಗಾನವೃಂದದ ಮುಂದೆ

ಇದೆಲ್ಲ ನಮಗೆ ಬರಿಯ ಸಂಗೀತಶಾಸ್ತ್ರದ ಪ್ರಶ್ನೆಯಾಗಿ ಉಳಿಯದಿರುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಧರ್ಮಕೇಂದ್ರವೊಂದರಲ್ಲಿ, ಅಪಘಾತದಲ್ಲಿ ತೀರಿಕೊಂಡ ಹರೆಯದ ಹುಡುಗನೊಬ್ಬನ ಅಂತ್ಯಸಂಸ್ಕಾರದ ಬಲಿಪೂಜೆಯನ್ನು ನಾವು ನಡೆಸಿಕೊಡಬೇಕಾಯಿತು. ಕ್ರೈಸ್ತನ ಮರಣದ ಪಾಸ್ಖ ಸ್ವರೂಪವನ್ನು ಅಂತ್ಯವಿಧಿ ಇನ್ನಷ್ಟು ಸ್ಪಷ್ಟವಾಗಿ ವ್ಯಕ್ತಪಡಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯ ದೈವಾರ್ಚನಾ ಸಂವಿಧಾನದ 81ನೆಯ ಪರಿಚ್ಛೇದ ಹೇಳುತ್ತದೆ. ಅದನ್ನು ತರಗತಿಯಲ್ಲಿ ಕಲಿಸುವವರು ನಾವೇ ತಾನೆ! ಗಾನವೃಂದಕ್ಕೆ ಪುನರುತ್ಥಾನದ ಹಾಡುಗಳನ್ನು ಆರಿಸಿಕೊಟ್ಟೆವು. ಕೀಬೋರ್ಡಿನ ಹುಡುಗ ಪಾಸ್ಖ ಜಾಗರಣೆಗೆ ಇಟ್ಟುಕೊಂಡಿದ್ದ ತಾಳವನ್ನೇ ಒತ್ತಿದ, ನಾವು ತಡೆಯಲಿಲ್ಲ. ಹಾಡುಗಳು ಚೆನ್ನಾಗಿಯೇ ಬಂದವು. ಹಲವರು ಮೆಚ್ಚಿಕೊಂಡರು.

ತಿಂಗಳ ನೆನಪಿನ ಪೂಜೆಗೆ ಬಂದ ಹುಡುಗನ ತಾಯಿ ಹೊರಡುವಾಗ ಹೇಳಿದರು: "ಫಾದರ್, ಅವತ್ತು ಎಲ್ಲರೂ ಚೆನ್ನಾಗಿ ಹಾಡಿದ್ರು. ನಂಗೆ ಮಾತ್ರ ಅಳೋಕೆ ಜಾಗ ಸಿಗಲಿಲ್ಲ."

ಅವರು ದೂರು ಹೇಳಲಿಲ್ಲ, ಇದ್ದದ್ದನ್ನು ಹೇಳಿದರು. ನಮ್ಮ ತಪ್ಪು ಪುನರುತ್ಥಾನವನ್ನು ಸಾರಿದ್ದರಲ್ಲಿ ಇರಲಿಲ್ಲ. ಶುಕ್ರವಾರವನ್ನೂ ಶನಿವಾರವನ್ನೂ ದಾಟದೆ ಭಾನುವಾರಕ್ಕೆ ಜಿಗಿಯುವಂತೆ ಆ ತಾಯಿಯನ್ನು ತಾಳದ ಮೂಲಕ ಒತ್ತಾಯಿಸಿದ್ದರಲ್ಲಿ ಇತ್ತು. ಲಾಜರನನ್ನು ಇನ್ನೇನು ಎಬ್ಬಿಸಲಿದ್ದೇನೆಂದು ಬಲ್ಲ ಪ್ರಭು ಯೇಸುವೇ ಸಮಾಧಿಯ ಬಳಿ ಕಣ್ಣೀರಿಟ್ಟರು. ಥೆಸಲೋನಿಯದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲರು ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರೆಂದರೇ ಹೊರತು ದುಃಖಿಸಲೇಬೇಡಿರೆಂದು ಹೇಳಲಿಲ್ಲ. ಪಾಸ್ಖ ಎಂದರೆ ದಾಟುವಿಕೆ. ದಾಟುವುದಕ್ಕೆ ಸಮಯ ಹಿಡಿಯುತ್ತದೆ. ಆ ಸಮಯವನ್ನು ಕೊಡುವುದು ಅಥವಾ ಕಸಿದುಕೊಳ್ಳುವುದು ಲಯದ ಕೈಯಲ್ಲಿದೆ.

ಆದ್ದರಿಂದ ಅಂತ್ಯಸಂಸ್ಕಾರದ ಹಾಡುಗಳನ್ನು ಆರಿಸುವ ಸಹೋದರ ಯಾಜಕರಲ್ಲಿ ನಮ್ಮ ವಿನಂತಿ ಇಷ್ಟೆ. ಶೋಕಕ್ಕೆಂದು ಮೈನರ್ ಹಾಡುಗಳನ್ನು ಹುಡುಕಿ ಹೊರಡಬೇಕಾಗಿಲ್ಲ. ಮೈನರ್ ಹಾಡೂ ವೇಗದಲ್ಲಿ ದಾಪುಗಾಲು ಹಾಕಬಲ್ಲದು. ಜನರಿಗೆ ತಿಳಿದಿರುವ ಮೇಜರ್ ಹಾಡನ್ನೇ ಉಸಿರಾಡುವಷ್ಟು ನಿಧಾನವಾಗಿ ಹಾಡಿಸಿ. ಕೀಬೋರ್ಡಿನ ಸಿದ್ಧತಾಳವನ್ನು ಆರಿಸಿಬಿಡಿ. ಸಾಲು ಸಾಲಿನ ನಡುವೆ ಎರಡು ಮಾತ್ರೆಗಳ ಮೌನ ಉಳಿಯಲಿ. ಒಂದು ಹಾಡನ್ನಾದರೂ ಒಬ್ಬರೇ ಹಾಡಲಿ, ಸಭೆ ಕೇಳಿಸಿಕೊಳ್ಳಲಿ. ಆಮೇಲೆ ಎಲ್ಲರೂ ದನಿಗೂಡಿಸುವ ಹಾಡು ಬರಲಿ. ಮೊದಲು ಆ ತಾಯಿ ತನ್ನ ಇರುಳಿನೊಂದಿಗೆ ಅಲ್ಲಿ ಕುಳಿತಿರಬಹುದು. ಬಳಿಕ, ಅವರು ಹಾಡಲಾರದ ಬೆಳಕಿನ ಹಾಡನ್ನು ಅವರ ಪರವಾಗಿ ಸಭೆ ಹಾಡಬಹುದು.

ಗುರುವಿದ್ಯಾರ್ಥಿಗಳಿಗೆ ಇನ್ನೂ ಒಂದು ಮಾತು. ಮುಂದಿನ ಶುಕ್ರವಾರ ರಾತ್ರಿ 88ನೆಯ ಕೀರ್ತನೆ ಬಂದಾಗ ಅದನ್ನು ಅದರದೇ ನಡೆಯಲ್ಲಿ ಓದಿ. ಕೊನೆಯ ಸಾಲಿನ ಬಳಿಕ ತ್ರಿತ್ವಸ್ತುತಿಯನ್ನು ಆರಂಭಿಸುವ ಮುನ್ನ ಒಂದು ಉಸಿರಿನಷ್ಟು ಕಾಲ ನಿಲ್ಲಿ. ಆ ಕತ್ತಲೆಯಲ್ಲಿ ಅಂದು ಯಾರು ಕುಳಿತಿದ್ದಾರೋ ನಾವರಿಯೆವು. ಅವರ ಹೆಸರಿನಲ್ಲಿ ನಿಲ್ಲುವುದಕ್ಕೆಂದೇ ಧರ್ಮಸಭೆ ಆ ಕೀರ್ತನೆಯನ್ನು ನಮ್ಮ ಕೈಗಿತ್ತಿದೆ.